'ಬೇಜಾರು' ಎಷ್ಟು ಅಂತ ಅಳೆಯೋದು ಹೇಗೆ?

ಎಂಜಿನಿಯರಿಂಗ್ ಓದುವಾಗ ಶಿವಮೊಗ್ಗ–ಭದ್ರಾವತಿ ನಡುವಿನ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಕೆಲವು ವಾರ ಟ್ರೈನಿಂಗ್ ಮಾಡಿದ್ದೆ. ಬಿಡಿಭಾಗಗಳನ್ನು ವರ್ನಿಯರ್‌ನಲ್ಲಿ ಅಳೆದು ಬರೆದಿಡೋ ಕೆಲಸ. ಸೂಪರ್‌ವೈಸರ್ ಮೊದಲ ದಿನವೇ ಹೇಳಿದ್ರು: "ಪೀಸ್ ಅಳೆಯೋ ಮುಂಚೆ ವರ್ನಿಯರ್ ಝೀರೋ ತೋರಿಸ್ತಿದೆಯಾ ನೋಡಪ್ಪಾ."

ಮೊನ್ನೆ ಮಾಚೇನಹಳ್ಳಿಯ ಅಕ್ಕನ ಮನೆಗೆ ಹೋದಾಗ ಆ ಮಾತು ನೆನಪಾಯ್ತು. ಹತ್ತನೇ ಕ್ಲಾಸಿನ ಅಕ್ಕನ ಮಗ ಊಟ ಬೇಡ ಅಂತ ಕೂತಿದ್ದ. ಏನಾಯ್ತೋ ಅಂದ್ರೆ, "ಏನಿಲ್ಲ ಮಾಮ, ಬೇಜಾರು ಅಷ್ಟೇ." ಸ್ಕೂಲಲ್ಲಿ 'ಮನಸ್ಸು ಹೇಗಿದೆ' ಅಂತ ಒಂದು ಫಾರಂ ತುಂಬಿಸಿಕೊಂಡಿದ್ರಂತೆ. "ಹೆಸರು, ರೋಲ್ ನಂಬರ್ ಬರೀಬೇಕಿತ್ತು. ಎಲ್ಲಾದಕ್ಕೂ ಚೆನ್ನಾಗಿದೀನಿ ಅಂತ ಟಿಕ್ ಹಾಕ್ದೆ" ಅಂದ.

ಹಾಗಾದ್ರೆ ಹದಿಹರೆಯದವರ ಮನಸ್ಸನ್ನು ಅಳೆಯೋಕೆ ಆಗುತ್ತಾ? ಆಗುತ್ತೆ. ಆದರೆ ಏನನ್ನು, ಯಾವ ಮಾಪಕದಲ್ಲಿ ಅಂತ ಮೊದಲು ಕೇಳಬೇಕು.

ಕಾಯಿಲೆ ಬೇರೆ, ಸ್ವಾಸ್ಥ್ಯ ಬೇರೆ

ನಿಮ್ಹಾನ್ಸ್ ನೇತೃತ್ವದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಮಾನಸಿಕ ಸಮಸ್ಯೆ ಇತ್ತು. ಪೂರ್ವಭಾವಿ ಅಧ್ಯಯನ ನಮ್ಮ ಕೋಲಾರದಲ್ಲೇ ನಡೆದರೂ, ಸಮೀಕ್ಷೆಯ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಅದು ಎಣಿಸಿದ್ದು ಕಾಯಿಲೆಯನ್ನು. ಉಳಿದ ಶೇ. 92.7 ಮಂದಿ ನೆಮ್ಮದಿಯಾಗಿದ್ದಾರೆ ಅಂತ ಅದರರ್ಥ ಅಲ್ಲ.

ಸ್ವಾಸ್ಥ್ಯ ಅಳೆಯೋಕೆ ಬೇರೆ ಮಾಪಕಗಳಿವೆ. ವಿಶ್ವ ಆರೋಗ್ಯ ಸಂಸ್ಥೆಯ 'ಡಬ್ಲ್ಯುಎಚ್‌ಒ–5' ಅತಿ ಸರಳ. ಕಳೆದ ಎರಡು ವಾರದ ಉಲ್ಲಾಸ, ಶಾಂತಿ, ಚಟುವಟಿಕೆ, ನಿದ್ದೆಯ ನಂತರದ ತಾಜಾತನ, ದಿನನಿತ್ಯದ ಆಸಕ್ತಿ ಬಗ್ಗೆ ಐದು ಹೇಳಿಕೆ, ಪ್ರತಿಯೊಂದಕ್ಕೂ 0ಯಿಂದ 5 ಅಂಕ. ಒಟ್ಟು ಅಂಕವನ್ನು 4ರಿಂದ ಗುಣಿಸಿದರೆ ನೂರಕ್ಕೆ ಇಷ್ಟು ಅಂತ ಸಿಗುತ್ತೆ. 50ಕ್ಕಿಂತ ಕಡಿಮೆ ಬಂದರೆ ಗಮನ ಕೊಡಬೇಕು. ಅದು ಸೂಚನೆ ಮಾತ್ರ, ರೋಗನಿರ್ಣಯ ಅಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾರಲ್ ರಿಫ್ 1989ರಲ್ಲಿ ಕೊಟ್ಟ ಮಾಪಕ ಇನ್ನೂ ಆಳಕ್ಕೆ ಹೋಗುತ್ತೆ. ತನ್ನನ್ನು ತಾನು ಒಪ್ಪಿಕೊಳ್ಳೋದು, ಒಳ್ಳೆಯ ಸಂಬಂಧಗಳು, ಸ್ವಂತ ನಿರ್ಧಾರ, ಪರಿಸ್ಥಿತಿ ನಿಭಾಯಿಸೋ ಶಕ್ತಿ, ಬದುಕಿಗೊಂದು ಗುರಿ, ಬೆಳವಣಿಗೆ: ಈ ಆರು.

ಚೀನಾದಿಂದ ಕಲಿಯೋದೇನು?

'ಸ್ವಂತ ನಿರ್ಧಾರ'ದ ಪ್ರಶ್ನೆ ಅಮೆರಿಕದಲ್ಲಿ ಸಲೀಸು. ಅಪ್ಪ ಅಮ್ಮನ ಮಾತು ಕೇಳೋದೇ ಒಳ್ಳೆತನ ಅಂತ ಬೆಳೆದ ಚೀನಾದ ಹುಡುಗಿ ಅಲ್ಲಿ ಕಡಿಮೆ ಅಂಕ ಪಡೆದರೆ, ಅವಳಿಗೆ ನೆಮ್ಮದಿ ಇಲ್ಲ ಅಂತಲಾ, ಅಥವಾ ಮಾಪಕಕ್ಕೆ ಅವಳ ಮನೆ ಗೊತ್ತಿಲ್ಲ ಅಂತಲಾ? ನಮ್ಮ ಮನೆಗಳಿಗೂ ಇದೇ ಪ್ರಶ್ನೆ. ಇಷ್ಟಾದರೂ ಅಳತೆ ಅಲ್ಲಿ ಸರ್ಕಾರಿ ನೀತಿಯೇ ಆಗಿದೆ. ಹಿರಿಯ ಪ್ರಾಥಮಿಕ ಹಂತದಿಂದ ಮೇಲಿನ ಮಕ್ಕಳಿಗೆ ವರ್ಷಕ್ಕೊಮ್ಮೆಯಾದರೂ ಮಾನಸಿಕ ಆರೋಗ್ಯ ಪರೀಕ್ಷೆ ಮಾಡಿ ಅಂತ 2023ರ ಅಲ್ಲಿನ ಯೋಜನೆ ಹೇಳುತ್ತೆ.

ಕನ್ನಡದ ಝೀರೋ ಎಲ್ಲಿದೆ?

ನಮ್ಮ 'ಬೇಜಾರು' ಪದವನ್ನೇ ನೋಡಿ. ಬೋರಾದರೂ ಬೇಜಾರು, ಗೆಳೆಯ ಮಾತು ಬಿಟ್ಟರೂ ಬೇಜಾರು, ಬದುಕೇ ಸಾಕಾದರೂ ಬೇಜಾರು. ಇಂಗ್ಲಿಷ್ ಪ್ರಶ್ನೆಯನ್ನು ಈ ಪದಕ್ಕೆ ತಂದು ಕೂರಿಸಿದರೆ ಯಾವ ಬೇಜಾರಿಗೆ ಟಿಕ್ ಬಿತ್ತು ಅಂತ ಗೊತ್ತಾಗಲ್ಲ. 'ನಿದ್ದೆಯಿಂದ ತಾಜಾ ಆಗಿ ಏಳ್ತೀಯಾ' ಅನ್ನೋ ಪ್ರಶ್ನೆಗೆ, ಬೆಳಗ್ಗೆ ಐದಕ್ಕೆ ಟ್ಯೂಷನ್‌ಗೆ ಏಳೋ ಹುಡುಗ 'ಇಲ್ಲ' ಅಂದರೆ ನಾವು ಅಳೆದದ್ದು ಮನಸ್ಸನ್ನೋ, ಟೈಮ್‌ಟೇಬಲನ್ನೋ?

ಅದಕ್ಕೇ ಒಂದು ಕ್ರಮ ಇದೆ. ಅನುವಾದ ಮಾಡಬೇಕು, ಮೂಲ ನೋಡದ ಇನ್ನೊಬ್ಬರಿಂದ ಅದನ್ನು ವಾಪಸ್ ಇಂಗ್ಲಿಷ್‌ಗೆ ಮಾಡಿಸಿ ಹೋಲಿಸಬೇಕು. ಮಕ್ಕಳನ್ನೇ ಕೂರಿಸಿಕೊಂಡು 'ಇದು ನಿಂಗೆ ಏನಂತ ಅರ್ಥ ಆಯ್ತು' ಅಂತ ಕೇಳಬೇಕು. ಕೆಲ ದಿನ ಬಿಟ್ಟು ಮತ್ತೆ ಕೊಟ್ಟಾಗ ಉತ್ತರ ಸುಮಾರಾಗಿ ಅದೇ ಬರಬೇಕು. ಕೊನೆಗೆ, ಮನೋವೈದ್ಯರು ಮಾತಾಡಿಸಿ ಕಂಡುಕೊಂಡದ್ದಕ್ಕೂ ಅಂಕಕ್ಕೂ ತಾಳೆ ಆಗುತ್ತಾ ನೋಡಬೇಕು.

ಇಷ್ಟಾದರೂ ಒಂದು ದೋಷ ಉಳಿಯುತ್ತೆ: ಭಯ. ಕಬ್ಬಿಣದ ತುಂಡು ವರ್ನಿಯರ್‌ಗೆ ಸುಳ್ಳು ಹೇಳಲ್ಲ, ರೋಲ್ ನಂಬರ್ ಬರೆದ ಹುಡುಗ ಹೇಳ್ತಾನೆ. ಭದ್ರಾವತಿಯಲ್ಲಿ ಪೇಪರ್ ಮಿಲ್ ನಿಂತಿದ್ದನ್ನು, ವಿಐಎಸ್‌ಎಲ್ ಮುಚ್ಚುತ್ತೆ ಅನ್ನೋ ಸುದ್ದಿಯನ್ನು ನೋಡಿಕೊಂಡೇ ಬೆಳೆದ ಮಕ್ಕಳು ಇವರು. ಮನೆಯ ಚಿಂತೆ ಟೀಚರ್ ಕೈಗೆ ಸಿಗಲಿ ಅಂತ ಯಾರು ಬಯಸ್ತಾರೆ?

ಹಾಗಾಗಿ ನಿಮ್ಮ ತಮ್ಮ, ತಂಗಿಯ ಶಾಲೆಯಲ್ಲಿ ಇಂಥ ಫಾರಂ ಬಂದರೆ ನಾಲ್ಕು ಪ್ರಶ್ನೆ ಕೇಳಿ. ಈ ಮಾಪಕವನ್ನು ಕನ್ನಡದ ಮಕ್ಕಳ ಮೇಲೆ ಪರೀಕ್ಷಿಸಿದ್ದಾರಾ? ಉತ್ತರ ಯಾರು ನೋಡ್ತಾರೆ? ಬೇಡ ಅನ್ನೋ ಹಕ್ಕು ಮಗುವಿಗೆ ಇದೆಯಾ? ಅಂಕ ಕಡಿಮೆ ಬಂದ ಮಗುವಿನ ಜೊತೆ ಮಾರನೇ ದಿನ ಮಾತಾಡೋರು ಯಾರು? ನಾಲ್ಕನೆಯದಕ್ಕೆ ಉತ್ತರ ಇಲ್ಲದಿದ್ದರೆ ಅಳೆಯೋದೇ ತಪ್ಪು. ಈಗಲೇ ಯಾರಿಗಾದರೂ ಮಾತಾಡಬೇಕು ಅನ್ನಿಸ್ತಿದ್ದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ನನ್ನ ಅಕ್ಕನ ಮಗನಿಗೆ ಆ ಫಾರಂನಲ್ಲಿ ಅಂಕ ಚೆನ್ನಾಗೇ ಬಂದಿರುತ್ತೆ. ಅವತ್ತು ರಾತ್ರಿ ಅವನು ಊಟ ಮಾಡಲಿಲ್ಲ.