ಎರಡಾಣೆಯ ಲೆಕ್ಕ

ಕಳೆದ ದೀಪಾವಳಿಗೆ ಊರಿಗೆ ಬಂದ ಮಗಳು ಹಬ್ಬದ ಊಟ ಮುಗಿಯುವವರೆಗೂ ಸುಮ್ಮನಿದ್ದು, ಕೈತೊಳೆದು ಬಂದವಳೇ ವಿಷಯ ತೆಗೆದಳು. ಬೆಂಗಳೂರಿನ ಕೆಲಸ ಬಿಡುತ್ತಾಳಂತೆ. ಕೂಡಿಟ್ಟ ಹಣವನ್ನೆಲ್ಲ ಹಾಕಿ ಉಡುಪಿ ಕೈಮಗ್ಗದ ಸೀರೆಗಳ ಅಂಗಡಿ ಇಡುತ್ತಾಳಂತೆ. “ಲಾಭ ಎಷ್ಟು ಬಂದೀತು?” ಎಂದರು ಇವರು. “ದುಡ್ಡಿಗಲ್ಲ ಅಪ್ಪ, ನನ್ನ ತೃಪ್ತಿಗೆ” ಎಂದಳು. ಇವರು ಎಲೆಯಡಿಕೆ ತಟ್ಟೆ ಹತ್ತಿರ ಎಳೆದುಕೊಂಡು ನನ್ನ ಮುಖ ನೋಡಿದರು. ಮೂವತ್ತು ವರ್ಷ ಮಕ್ಕಳಿಗೆ ಚರಿತ್ರೆಯ ಪಾಠ ಹೇಳಿದವಳು ನಾನು. ನ್ಯಾಯ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಆಗ ನೆನಪಾದದ್ದು ನಮ್ಮ ಉಡುಪಿಯದೇ ಒಂದು ಕಥೆ. 1925ರಲ್ಲಿ ಇಲ್ಲಿ ಮೂವರು ಸೇರಿ ಒಂದು ವ್ಯವಹಾರ ಆರಂಭಿಸಿದರು. ಉಪೇಂದ್ರ ಅನಂತ ಪೈಗಳು ವ್ಯಾಪಾರಿ, ವಾಮನ ಕುಡ್ವರು ಇಂಜಿನಿಯರು, ಟಿ.ಎಂ.ಎ. ಪೈಗಳು ವೈದ್ಯರು. ಮೂವರಿಗೂ ಅವರವರ ಕಸುಬು ಇತ್ತು. ಆದರೆ ಕೈಮಗ್ಗ ಬಿಕ್ಕಟ್ಟಿಗೆ ಸಿಕ್ಕಿ ಸುತ್ತಲಿನ ನೇಕಾರರು ಕಂಗೆಟ್ಟಿದ್ದ ಕಾಲ ಅದು. ಅವರಿಗೆ ಹಣಕಾಸಿನ ನೆರವು ಒದಗಿಸಬೇಕೆಂದು 8,000 ರೂಪಾಯಿ ಬಂಡವಾಳದಲ್ಲಿ ಹುಟ್ಟಿದ್ದು ‘ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್’. ಮುಂದೆ ಅದೇ ಸಿಂಡಿಕೇಟ್ ಬ್ಯಾಂಕ್ ಆಯಿತು.

ಇಷ್ಟಕ್ಕೇ ನಿಲ್ಲಿಸಿದರೆ ಮಗಳ ಮಾತೇ ಗೆದ್ದಂತೆ. ಆದರೆ ನೇಕಾರರಿಗೆ ಕೊಡಲು ಹಣ ಬೇಕಲ್ಲ? 1928ರಲ್ಲಿ ಪಿಗ್ಮಿ ಠೇವಣಿ ಬಂತು. ಏಜೆಂಟರು ದಿನವೂ ಬಾಗಿಲಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಕಟ್ಟಿಸಿಕೊಂಡರು. ದಿನಕ್ಕೆ ಎರಡಾಣೆಯೆಂದರೆ ತಿಂಗಳಿಗೆ ಮೂರು ಮುಕ್ಕಾಲು ರೂಪಾಯಿ. ಕಟ್ಟಿದವರಿಗೆ ಅದನ್ನು ಹಿಂದಿರುಗಿಸಬೇಕು, ತಿರುಗಾಡಿದವರಿಗೆ ಕಮಿಷನ್ ಕೊಡಬೇಕು, ಕೊಟ್ಟ ಸಾಲ ವಸೂಲಾಗಬೇಕು. ದಾನವಾಗಿದ್ದರೆ ಎಂಟು ಸಾವಿರ ಖರ್ಚಾದ ದಿನವೇ ಎಲ್ಲ ಮುಗಿಯುತ್ತಿತ್ತು. ವ್ಯವಹಾರವಾದ್ದರಿಂದ ಬೆಳೆಯಿತು. 1969ರಲ್ಲಿ ರಾಷ್ಟ್ರೀಕರಣವಾಯಿತು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗುವವರೆಗೂ ನಡೆಯಿತು.

ಪಿಗ್ಮಿಯನ್ನು ನಾನು ಪುಸ್ತಕ ಓದಿ ತಿಳಿದದ್ದಲ್ಲ. ನಾನು ಪ್ರೈಮರಿ ಶಾಲೆಗೆ ಹೋಗುತ್ತಿದ್ದಾಗ ಸಂಜೆ ಏಜೆಂಟರ ಸೈಕಲ್ ಬೆಲ್ ಕೇಳಿದರೆ ಸಾಕು, ಅಮ್ಮ ಸಾಸಿವೆ ಡಬ್ಬಿಯಿಂದ ಎಂಟಾಣೆ ತೆಗೆದುಕೊಂಡು ಅಂಗಳಕ್ಕೆ ಇಳಿಯುತ್ತಿದ್ದಳು. ಹಿತ್ತಲಿನ ಮಲ್ಲಿಗೆ ಮಾರಿದ ದುಡ್ಡು ಅದು. ಮಳೆಗಾಲದಲ್ಲಿ ಹೂವು ಕಡಿಮೆ. ಆಗಲೂ ನಾಲ್ಕಾಣೆ ತಪ್ಪುತ್ತಿರಲಿಲ್ಲ. ಕೆಲವು ವರ್ಷಗಳ ಮೇಲೆ ಆ ಹಣದಿಂದ ಹೊಲಿಗೆ ಮೆಷಿನ್ ಬಂತು. ನೆರೆಕರೆಯವರ ರವಿಕೆಗಳೆಲ್ಲ ನಮ್ಮ ಚಾವಡಿಗೆ ಬರತೊಡಗಿದವು.

ದೊಡ್ಡವಳಾದ ಮೇಲೆ ಒಮ್ಮೆ ಕೇಳಿದ್ದೆ: “ಅಮ್ಮ, ಹೊಲಿಗೆ ಶುರು ಮಾಡಿದ್ದು ದುಡ್ಡಿಗೋ, ಆಸೆಗೋ?” ಅಮ್ಮ ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದಳು: “ಎಂತ ಪ್ರಶ್ನೆ ಮಾರಾಯ್ತಿ! ಒಂದು ಸೋಪು ತೆಗೀಲಿಕ್ಕೂ ನಿನ್ನ ಅಪ್ಪನ ಹತ್ರ ಕೇಳ್ಬೇಕಿತ್ತು. ಕೇಳದೆ ತೆಗೀಲಿಕ್ಕೆ ಆಯ್ತಲ್ಲ, ಅದೇ ಆಸೆ.”

ಅವಳಲ್ಲಿ ದುಡ್ಡು ಮತ್ತು ತೃಪ್ತಿ ಎರಡು ಡಬ್ಬಿಗಳಲ್ಲಿ ಇರಲಿಲ್ಲ. ತೃಪ್ತಿಯೊಂದೇ ಸಾಕು ಎನ್ನಬೇಕಾದರೆ ತಿಂಗಳ ಸಂಬಳ ಬರುವ ಮನೆಯಲ್ಲಿ ಹುಟ್ಟಿರಬೇಕು. ನನ್ನ ಮಗಳು ಹಾಗೆ ಹುಟ್ಟಿದವಳು. ಅದು ಅವಳ ತಪ್ಪಲ್ಲ; ಹಾಗಾಗಲೆಂದೇ ನಾವಿಬ್ಬರೂ ದುಡಿದದ್ದು.

ಆದ್ದರಿಂದ ಅವಳನ್ನು ತಡೆಯಲು ಮನಸ್ಸಾಗಲಿಲ್ಲ. ಇಷ್ಟೇ ಕೇಳಿದೆ: “ನಿನ್ನ ತೃಪ್ತಿ ನಿನಗಾಯಿತು. ಮಗ್ಗದ ಮುಂದೆ ಕೂತವರಿಗೆ ಒಂದು ಸೀರೆಗೆ ಎಷ್ಟು ಕೊಡ್ತೀ? ಸೀರೆ ಮಾರಿಹೋಗದೆ ಉಳಿದರೆ ಎಲ್ಲಿಂದ ಕೊಡ್ತೀ?”

ಮಗಳು ಮಾತಾಡಲಿಲ್ಲ. ಇವರು ತಾವೇ ಗೆದ್ದೆವೆಂದುಕೊಂಡು ಅಡಿಕೆ ಬಾಯಿಗೆ ಹಾಕಿಕೊಂಡರು.

ರಾತ್ರಿ ನೀರು ಕುಡಿಯಲು ಎದ್ದಾಗ ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ನನ್ನ ಹಳೆಯ ಡೈರಿಯ ಖಾಲಿ ಹಾಳೆಗಳಲ್ಲಿ ಮಗಳು ಲೆಕ್ಕ ಬರೆಯುತ್ತಿದ್ದಳು. ಹಿಂದಿನಿಂದ ಬಗ್ಗಿ ನೋಡಿದೆ. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ‘ನೇಕಾರರ ಕೂಲಿ’ ಎಂದಿತ್ತು. ಕೆಳಗೆ ‘ಲಾಭ’ ಎಂದು ಬರೆದ ಕಡೆ ಇನ್ನೂ ಖಾಲಿ. ಒಂದು ಲೋಟ ಹಾಲು ಬಿಸಿಮಾಡಿ ಅವಳ ಪಕ್ಕದಲ್ಲಿಟ್ಟು ಬಂದು ಮಲಗಿದೆ.