ಮಳೆಯ ವೈಪರೀತ್ಯ ಮತ್ತು ಕಾರಣನಿರ್ಣಯ: ಬೆಳಗಾವಿ ಸೀಮೆಯ ಎರಡು ನಿದರ್ಶನಗಳು

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ಹಾದಿಯಲ್ಲಿರುವ ಮಚ್ಛೆಯಿಂದ ಪಶ್ಚಿಮಕ್ಕೆ, ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆಗೆ, ಮಳೆ ಹೆಚ್ಚುತ್ತ ಹೋಗುತ್ತದೆ. ಪೂರ್ವದಲ್ಲಿ ಸವದತ್ತಿಯ ಕಡೆಗೆ ಕ್ಷೀಣಿಸುತ್ತದೆ. ಅತಿವೃಷ್ಟಿ ಅನಾವೃಷ್ಟಿಗಳೆರಡನ್ನೂ ಕಂಡಿರುವ ಈ ಸೀಮೆಯಲ್ಲಿ, ಮಳೆಯ ವೈಪರೀತ್ಯಕ್ಕೆ ಹವಾಮಾನದ ಬದಲಾವಣೆಯೇ ಕಾರಣವೆನ್ನಬಹುದೇ ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಮೊದಲನೆಯ ನಿದರ್ಶನವು 1876ರದು. ಆ ವರ್ಷ ಮಳೆ ಹೋಗಿ ಮುಂಬಯಿ ಕರ್ನಾಟಕವು ಘೋರ ಕ್ಷಾಮಕ್ಕೆ ತುತ್ತಾಯಿತು. 1872ಕ್ಕಿಂತ 1881ರ ಜನಗಣತಿಯಲ್ಲಿ ಬೆಳಗಾವಿ ಜಿಲ್ಲೆಯ ಜನಸಂಖ್ಯೆ ಕಡಿಮೆಯಾಗಿದ್ದಿತು. ಪೆಸಿಫಿಕ್ ಸಾಗರದ ನೀರು ಅತಿಯಾಗಿ ಕಾಯ್ದ ಪ್ರಬಲ ಎಲ್ ನಿನೊ ಆ ಅನಾವೃಷ್ಟಿಗೆ ಮುಖ್ಯ ಕಾರಣ. ಚೀನ, ಬ್ರೆಜಿಲ್‌ಗಳಲ್ಲಿಯೂ ಆಗ ಬರವಿದ್ದಿತು. ಕೈಗಾರಿಕೆಯ ಅನಿಲಗಳು ಭೂಮಿಯನ್ನು ಗಣನೀಯವಾಗಿ ಕಾಯಿಸುವುದಕ್ಕೆ ಮೊದಲಿನ ಸಂಗತಿಯಿದು. ಆದ್ದರಿಂದ ವೈಪರೀತ್ಯವೊಂದೇ ಹವಾಮಾನ ಬದಲಾವಣೆಗೆ ಸಾಕ್ಷಿಯಾಗಲಾರದು. ಇಷ್ಟಾಗಿಯೂ ಜನ ಸತ್ತದ್ದು ಕೇವಲ ಮಳೆಯಿಲ್ಲದೆ ಅಲ್ಲ: ದೇಶದಿಂದ ಧಾನ್ಯದ ರಫ್ತು ನಿಲ್ಲಲಿಲ್ಲ, ಪರಿಹಾರ ಕಾಮಗಾರಿಗಳ ಕೂಲಿಯನ್ನು ಇಳಿಸಲಾಯಿತು.

ಎರಡನೆಯದು 2019ರ ಆಗಸ್ಟಿನ ನೆರೆ. ಮಲಪ್ರಭೆ, ಘಟಪ್ರಭೆ, ಕೃಷ್ಣೆಯರು ಉಕ್ಕಿ ಗೋಕಾಕ, ರಾಮದುರ್ಗ ತಾಲ್ಲೂಕುಗಳ ಊರುಗಳು ಮುಳುಗಿದವು. ಇಲ್ಲಿ ಪರಿಸ್ಥಿತಿ ಬೇರೆ. 19ನೆಯ ಶತಮಾನದ ಉತ್ತರಾರ್ಧಕ್ಕಿಂತ ಭೂಮಿಯು ಆಗಲೇ ಸುಮಾರು 1 ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾಯ್ದಿದ್ದಿತು. ಪ್ರತಿ ಡಿಗ್ರಿಗೆ ಗಾಳಿಯು ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲದು. ಆದರೆ ಈ ಸಾಮಾನ್ಯ ನಿಯಮದಿಂದ ಒಂದು ನೆರೆಯ ಕಾರಣವನ್ನು ನೇರವಾಗಿ ನಿರ್ಣಯಿಸಲಾಗದು. ವಿಜ್ಞಾನಿಗಳು ಕಾಯ್ದ ಜಗತ್ತನ್ನು ಕಾಯದ ಜಗತ್ತಿನ ಗಣಿತ ಮಾದರಿಯೊಡನೆ ಹೋಲಿಸಿ, ಸಂಭವವು ಎಷ್ಟು ಹೆಚ್ಚಿತೆಂದು ಹೇಳುತ್ತಾರೆ. ಯುರೋಪಿನ 2003ರ ಬಿಸಿಲಿನ ಸಂಭವವನ್ನು ಮಾನವನ ಪ್ರಭಾವವು ಇಮ್ಮಡಿಗಿಂತ ಹೆಚ್ಚಿಸಿರುವುದು ಬಹುಮಟ್ಟಿಗೆ ನಿಜವೆಂದು 2004ರಲ್ಲಿ ಹೀಗೆಯೇ ಕಂಡುಬಂದಿತು. ನಮ್ಮದೇ ಸಹ್ಯಾದ್ರಿಯ ವಯನಾಡಿನಲ್ಲಿ 2024ರಲ್ಲಿ ಸುರಿದ ಮಳೆ ಸುಮಾರು ಶೇಕಡಾ 10ರಷ್ಟು ಹೆಚ್ಚಿತೆಂದು ಅಂದಾಜು ಮಾಡಿದವರು, ಗುಡ್ಡಗಾಡಿನಲ್ಲಿ ಈ ಲೆಕ್ಕ ಅಷ್ಟು ಖಚಿತವಲ್ಲವೆಂದೂ ಒಪ್ಪಿದರು.

ಹೀಗಿರುವಲ್ಲಿ ‘ಹೌದೋ ಅಲ್ಲವೋ’ ಎಂಬ ಪ್ರಶ್ನೆಗಿಂತ ‘ಎಷ್ಟರ ಮಟ್ಟಿಗೆ’ ಎಂಬ ಪ್ರಶ್ನೆಯೇ ಯುಕ್ತವೆಂದು ನಮ್ಮ ಅಭಿಪ್ರಾಯ. ಎಲ್ಲವನ್ನೂ ಹವಾಮಾನದ ಮೇಲೆ ಹೊರಿಸಿದರೆ ಜಲಾಶಯದಿಂದ ನೀರು ಬಿಡುವ ಕ್ರಮ, ಹಳ್ಳದ ದಂಡೆಯ ಒತ್ತುವರಿ ಇವು ವಿಚಾರಣೆಯಿಂದ ತಪ್ಪಿಸಿಕೊಳ್ಳುತ್ತವೆ. ಅದನ್ನು ಅಲ್ಲಗಳೆದರೆ ಮುಂದಿನ ಮಳೆಗೆ ಸಿದ್ಧತೆ ನಡೆಯದು. ಎರಡೂ ತಪ್ಪುಗಳ ಬೆಲೆಯನ್ನು ತೆರುವವರು ನದೀತೀರದ ಜನರೇ. ಹಳೆಯ ಮಳೆಯ ದಾಖಲೆಗಳನ್ನು ಜೋಪಾನ ಮಾಡಿ ಓದುವುದು ಇತಿಹಾಸದ ವಿದ್ಯಾರ್ಥಿಗಳ ಪಾಲಿನ ಕೆಲಸವಾಗಿದೆ.