ಕಾರ್ಖಾನೆ ಕಳಚಲು ಹೋಗಿ ಇಬ್ಭಾಗವಾದ ಜರ್ಮನಿ

1946ರ ಅಕ್ಟೋಬರ್ 22. ಜರ್ಮನಿಯ ಯೇನಾ ಪಟ್ಟಣದಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. ಕಾರ್ಲ್ ಝೈಸ್ ಕಾರ್ಖಾನೆಯ ತಜ್ಞರ ಮನೆ ಬಾಗಿಲು ಬಡಿದವರು ಸೋವಿಯತ್ ಸೈನಿಕರು. ಇನ್ನು ಕೆಲಸ ಸೋವಿಯತ್ ದೇಶದಲ್ಲಿ, ಕೂಡಲೇ ಹೊರಡಬೇಕು ಎಂಬುದು ಆಜ್ಞೆ. ರೈಲು ಸಿದ್ಧವಾಗಿ ನಿಂತಿತ್ತು. ಸೋವಿಯತ್ ವಶದಲ್ಲಿದ್ದ ಬೇರೆ ಊರುಗಳಿಂದಲೂ ಅಂದು ಹೀಗೆಯೇ ಒಟ್ಟು ಎರಡು ಸಾವಿರಕ್ಕೂ ಹೆಚ್ಚು ತಜ್ಞರನ್ನು ಸಾಗಿಸಲಾಯಿತು. ಝೈಸ್‌ನ ಯಂತ್ರಗಳೂ ಅವರ ಹಿಂದೆಯೇ ಹೊರಟವು.

ಮಸೂರ, ದುರ್ಬೀನು, ಸೂಕ್ಷ್ಮದರ್ಶಕಗಳಿಗೆ ಜಗತ್ತಿನಲ್ಲೇ ಹೆಸರಾದ ಕಾರ್ಖಾನೆ ಅದು. ಯೇನಾವನ್ನು 1945ರಲ್ಲಿ ಮೊದಲು ಹಿಡಿದವರು ಅಮೆರಿಕನ್ನರು. ಒಪ್ಪಂದದಂತೆ ಊರನ್ನು ರಷ್ಯನ್ನರಿಗೆ ಬಿಟ್ಟುಕೊಡುವ ಮುನ್ನ ಅವರು ಝೈಸ್‌ನ ಎಂಬತ್ತಕ್ಕೂ ಹೆಚ್ಚು ಆಯ್ದ ತಜ್ಞರನ್ನು ಪಶ್ಚಿಮಕ್ಕೆ ಕರೆದೊಯ್ದಿದ್ದರು. ಹೀಗೆ ಒಂದೇ ಕಾರ್ಖಾನೆಯ ತಲೆಗಳು ಒಂದು ಕಡೆಗೆ, ಯಂತ್ರಗಳು ಇನ್ನೊಂದು ಕಡೆಗೆ ಹೋದವು. ಮುಂದೆ ಜರ್ಮನಿಗೇ ಆದದ್ದೂ ಇದೇ.

ಸೋತ ದೇಶದಿಂದ ಗೆದ್ದವರು ದಂಡ ವಸೂಲು ಮಾಡುವುದು ಹೊಸದಲ್ಲ. ಮೊದಲ ಮಹಾಯುದ್ಧದ ನಂತರ 1921ರಲ್ಲಿ ಜರ್ಮನಿಯ ಮೇಲೆ 13,200 ಕೋಟಿ ಚಿನ್ನದ ಮಾರ್ಕ್‌ಗಳ ಹೊರೆ ಹೊರಿಸಲಾಗಿತ್ತು. ಆ ಹಣ ಪೂರ್ತಿ ವಸೂಲಾಗಲೇ ಇಲ್ಲ. ಅಮೆರಿಕದ ಸಾಲ ತಂದು ಜರ್ಮನಿ ಕಂತು ಕಟ್ಟಿತು. ಆ ಸಾಲವೂ ಮುಳುಗಿತು. ಈ ಸಲ ನಗದು ಬೇಡ, ವಸ್ತುರೂಪದಲ್ಲೇ ಪಡೆಯೋಣ ಎಂದು ಮಿತ್ರರಾಷ್ಟ್ರಗಳು ನಿರ್ಧರಿಸಿದ್ದು ಆ ಪಾಠದಿಂದ. ಕಾರ್ಖಾನೆಯನ್ನೇ ಕಳಚಿಕೊಂಡು ಬಂದರೆ ಎರಡು ಕೆಲಸವಾದಂತೆ: ತಮ್ಮ ನಷ್ಟವೂ ತುಂಬುತ್ತದೆ, ಜರ್ಮನಿ ಮತ್ತೆ ಟ್ಯಾಂಕು ತೋಪು ಮಾಡುವುದೂ ತಪ್ಪುತ್ತದೆ.

1945ರ ಫೆಬ್ರವರಿಯಲ್ಲಿ ಯಾಲ್ಟಾ ಸಭೆಯಲ್ಲಿ ಸೋವಿಯತ್ ಒಕ್ಕೂಟ ಒಂದು ಅಂಕಿ ಮುಂದಿಟ್ಟಿತು. ಒಟ್ಟು 2,000 ಕೋಟಿ ಡಾಲರ್. ಅದರಲ್ಲಿ ಅರ್ಧ ತನಗೆ. ಇದನ್ನು ದುರಾಸೆ ಎನ್ನುವಂತಿಲ್ಲ. ಸೋವಿಯತ್ ಲೆಕ್ಕದ ಪ್ರಕಾರ ಯುದ್ಧದಲ್ಲಿ ಅದರ 1,710 ಪಟ್ಟಣಗಳು, 70 ಸಾವಿರಕ್ಕೂ ಹೆಚ್ಚು ಹಳ್ಳಿಗಳು ನಾಶವಾಗಿದ್ದವು. ರೂಸ್‌ವೆಲ್ಟ್ ಈ ಮೊತ್ತವನ್ನು ಚರ್ಚೆಗೆ ಆಧಾರವಾಗಿ ಒಪ್ಪಿದರು. ಚರ್ಚಿಲ್ ಒಪ್ಪಲಿಲ್ಲ.

ಅದೇ ವರ್ಷ ಜುಲೈ-ಆಗಸ್ಟ್‌ನಲ್ಲಿ ಪಾಟ್ಸ್‌ಡಾಮ್‌ನಲ್ಲಿ ಸೇರುವಾಗ ರೂಸ್‌ವೆಲ್ಟ್ ಇರಲಿಲ್ಲ, ಟ್ರೂಮನ್ ಬಂದಿದ್ದರು. ಅವರ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಬರ್ನ್ಸ್ ಹೊಸ ಸೂತ್ರ ತಂದರು. ಒಟ್ಟು ಮೊತ್ತದ ಮಾತೇ ಬೇಡ. ಯಾರ ವಲಯ ಯಾರ ವಶದಲ್ಲಿದೆಯೋ ಅವರು ಅಲ್ಲಿಂದಲೇ ತೆಗೆದುಕೊಳ್ಳಲಿ. ಆದರೆ ದೊಡ್ಡ ಕೈಗಾರಿಕೆಗಳ ನಾಡಾದ ರೂರ್ ಇದ್ದದ್ದು ಬ್ರಿಟಿಷರ ವಲಯದಲ್ಲಿ. ಹಾಗಾಗಿ ಪಶ್ಚಿಮದಲ್ಲಿ ಕಳಚುವ ಹೆಚ್ಚುವರಿ ಯಂತ್ರೋಪಕರಣಗಳಲ್ಲಿ ಶೇ. 10ರಷ್ಟು ರಷ್ಯನ್ನರಿಗೆ ಪುಕ್ಕಟೆ, ಇನ್ನು ಶೇ. 15ರಷ್ಟು ಆಹಾರ, ಕಲ್ಲಿದ್ದಲು, ಮರಮುಟ್ಟುಗಳ ಬದಲಿಗೆ ಎಂದಾಯಿತು.

ನೋಡಲು ಇದು ಬರೀ ಲೆಕ್ಕಪತ್ರದ ವ್ಯವಸ್ಥೆ. ಆದರೆ ಅದೇ ಒಪ್ಪಂದ ಇನ್ನೊಂದೆಡೆ ಜರ್ಮನಿ ಆರ್ಥಿಕವಾಗಿ ಒಂದೇ ಘಟಕ ಎಂದೂ ಹೇಳುತ್ತಿತ್ತು! ಅಣ್ಣತಮ್ಮಂದಿರು ಮನೆ ಒಂದೇ ಎನ್ನುತ್ತಲೇ ಒಲೆ ಬೇರೆ ಹೂಡಿದಂತೆ. ಜರ್ಮನಿಯ ನಡುವೆ ಗೆರೆ ಬಿದ್ದದ್ದು ಬರ್ಲಿನ್ ಗೋಡೆಯಿಂದಲ್ಲ, ಈ ಸೂತ್ರದಿಂದಲೇ ಎಂದರೆ ಹೆಚ್ಚು ತಪ್ಪಾಗದು.

ಇನ್ನು ‘ಹೆಚ್ಚುವರಿ’ ಎಂದರೆ ಎಷ್ಟು? 1946ರ ಮಾರ್ಚ್‌ನಲ್ಲಿ ನಾಲ್ಕು ದೇಶಗಳು ಅದಕ್ಕೂ ಲೆಕ್ಕ ಹಾಕಿದವು. ಯುದ್ಧಕ್ಕೆ ಮುಂಚೆ ಜರ್ಮನಿ ವರ್ಷಕ್ಕೆ ಎರಡು ಕೋಟಿ ಟನ್ನಿಗೂ ಹೆಚ್ಚು ಉಕ್ಕು ತೆಗೆಯುತ್ತಿತ್ತು. ಇನ್ನು 75 ಲಕ್ಷ ಟನ್ ಸಾಮರ್ಥ್ಯ ಉಳಿದರೆ ಸಾಕು, ಅದರಲ್ಲೂ ವರ್ಷಕ್ಕೆ 58 ಲಕ್ಷ ಟನ್ ಮೀರಿ ತೆಗೆಯಕೂಡದು ಎಂದಾಯಿತು. ಎರಡೇ ತಿಂಗಳಲ್ಲಿ ಈ ಯೋಜನೆ ಕುಂಟತೊಡಗಿತು. ಮೇ ತಿಂಗಳಲ್ಲಿ ಅಮೆರಿಕದ ಜನರಲ್ ಲ್ಯೂಸಿಯಸ್ ಕ್ಲೇ ತಮ್ಮ ವಲಯದಲ್ಲಿ ಪರಿಹಾರಕ್ಕಾಗಿ ಕಳಚುವ ಕೆಲಸವನ್ನು ನಿಲ್ಲಿಸಿಬಿಟ್ಟರು.

ಕಾರಣ ಸರಳ. ಪೂರ್ವದ ಹೊಲಗಳ ಧಾನ್ಯ ಪಶ್ಚಿಮಕ್ಕೆ ಬರುತ್ತಿರಲಿಲ್ಲ. ಹಸಿದ ಜರ್ಮನರಿಗೆ ಅನ್ನ ಹಾಕುತ್ತಿದ್ದವರು ಅಮೆರಿಕ ಮತ್ತು ಬ್ರಿಟನ್ನಿನ ತೆರಿಗೆದಾರರು. ಯುದ್ಧದ ಆರು ವರ್ಷಗಳಲ್ಲಿ ಒಮ್ಮೆಯೂ ಬ್ರೆಡ್ಡಿಗೆ ರೇಷನ್ ಇಡದಿದ್ದ ಬ್ರಿಟನ್ 1946ರ ಜುಲೈನಲ್ಲಿ ಅದನ್ನೂ ಇಟ್ಟಿತು. ಗೆದ್ದವರ ಮನೆಯಲ್ಲಿ ಬ್ರೆಡ್ಡಿಗೆ ಚೀಟಿ! ಜರ್ಮನಿ ದುಡಿದು ರಫ್ತು ಮಾಡಿ ಮೊದಲು ತನ್ನ ಆಹಾರದ ಖರ್ಚು ತೀರಿಸಲಿ, ಪರಿಹಾರ ಆಮೇಲೆ ಎಂಬುದು ಕ್ಲೇ ವಾದ. ನಮ್ಮ ಪಾಲು ಮೊದಲು ಎಂಬುದು ಮಾಸ್ಕೋದ ವಾದ. ಎರಡರಲ್ಲೂ ನ್ಯಾಯವಿತ್ತು, ಎರಡೂ ಒಟ್ಟಿಗೆ ನಡೆಯುವಂತಿರಲಿಲ್ಲ.

ಪೂರ್ವದಲ್ಲಿ ಮಾತ್ರ ಕಳಚುವ ಕೆಲಸ ಭರದಿಂದ ಸಾಗಿತ್ತು. ಜೋಡಿ ರೈಲುಹಳಿಗಳಲ್ಲಿ ಒಂದನ್ನು ಕಿತ್ತೊಯ್ದರು. ಡ್ರೆಸ್ಡೆನ್‌ನ ಕಾಂಟ್ಯಾಕ್ಸ್ ಕ್ಯಾಮೆರಾ ತಯಾರಿಸುವ ಸಲಕರಣೆಗಳನ್ನು ಯೇನಾದಲ್ಲಿ ಹೊಸದಾಗಿ ಸಜ್ಜುಗೊಳಿಸಿ ಕೀವ್‌ನ ಆರ್ಸೆನಲ್ ಕಾರ್ಖಾನೆಗೆ ಕಳಿಸಿದರು. ಅದೇ ಕ್ಯಾಮೆರಾ ಮುಂದೆ ‘ಕೀವ್’ ಹೆಸರಿನಲ್ಲಿ ದಶಕಗಳ ಕಾಲ ಬಂತು. ಆದರೆ ಎಲ್ಲ ಯಂತ್ರಗಳಿಗೂ ಈ ಭಾಗ್ಯವಿರಲಿಲ್ಲ. ಅವಸರದಲ್ಲಿ ಬಿಚ್ಚಿ, ನಕ್ಷೆ ಬಿಟ್ಟು, ಬೋಲ್ಟು ಕಳೆದು ತಂದದ್ದು ರೈಲುನಿಲ್ದಾಣಗಳಲ್ಲಿ ಮಳೆಗೆ ನೆನೆದು ತುಕ್ಕು ಹಿಡಿಯಿತು. ಬಿಚ್ಚಿದ ಕಾರ್ಖಾನೆ ಬರೀ ಕಬ್ಬಿಣ ಎಂಬುದು ಮಾಸ್ಕೋಗೂ ತಿಳಿಯಿತು. 1946ರಲ್ಲೇ ಅದು ದಾರಿ ಬದಲಿಸಿ ಸುಮಾರು 200 ದೊಡ್ಡ ಕಾರ್ಖಾನೆಗಳನ್ನು ಜರ್ಮನಿಯಲ್ಲೇ ಉಳಿಸಿ, ತನ್ನ ಒಡೆತನಕ್ಕೆ ತೆಗೆದುಕೊಂಡು, ಅವುಗಳ ಉತ್ಪನ್ನವನ್ನು ಒಯ್ಯತೊಡಗಿತು.

ಪಶ್ಚಿಮದ ಪಾಲನ್ನು ಹಂಚಲು ಬ್ರಸೆಲ್ಸ್‌ನಲ್ಲಿ 18 ದೇಶಗಳ ಸಂಸ್ಥೆಯೊಂದು ಹುಟ್ಟಿತ್ತು. ಅದರಲ್ಲಿ ಇನ್ನೂ ಸ್ವಾತಂತ್ರ್ಯ ಬಾರದ ಭಾರತವೂ ಒಂದು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದ ಸಂಗತಿ. ಕೈಗಾರಿಕಾ ಯಂತ್ರೋಪಕರಣಗಳಲ್ಲಿ ನಮಗೆ ಗೊತ್ತಾದ ಪಾಲು ಶೇ. 2.9. ದೇಶ ವಿಭಜನೆಯಾದ ಮೇಲೆ ಈ ಪಾಲೂ ಭಾರತ, ಪಾಕಿಸ್ತಾನಗಳ ನಡುವೆ ಭಾಗವಾಯಿತು.

1947ರ ವಸಂತದಲ್ಲಿ ಮಾಸ್ಕೋದಲ್ಲಿ ನಾಲ್ಕು ವಿದೇಶಾಂಗ ಸಚಿವರು ಆರು ವಾರ ಕುಳಿತು ಮಾತಾಡಿದರು. ಸಾವಿರ ಕೋಟಿ ಡಾಲರ್, ಅದನ್ನು ಜರ್ಮನಿಯ ಚಾಲ್ತಿ ಉತ್ಪಾದನೆಯಿಂದಲೂ ಕೊಡಿ ಎಂದು ಮೊಲೊಟೊವ್ ಪಟ್ಟು ಹಿಡಿದರು. ಅಮೆರಿಕದ ಮಾರ್ಷಲ್ ಒಪ್ಪಲಿಲ್ಲ. ಬರಿಗೈಲಿ ಮರಳಿದ ಮಾರ್ಷಲ್ ಜೂನ್‌ನಲ್ಲಿ ಯೂರೋಪಿನ ಪುನರುಜ್ಜೀವನಕ್ಕೆ ತಮ್ಮ ಹೆಸರಿನ ಯೋಜನೆ ಪ್ರಕಟಿಸಿದರು.

ಆಮೇಲಿನದು ವಿಚಿತ್ರ. ಒಂದು ಕಡೆ ಜರ್ಮನಿಯನ್ನು ಎಬ್ಬಿಸಿ ನಿಲ್ಲಿಸಲು ಡಾಲರ್ ಸುರಿಯುವ ಸಿದ್ಧತೆ. ಇನ್ನೊಂದು ಕಡೆ ಅದೇ ಅಕ್ಟೋಬರ್‌ನಲ್ಲಿ ಅಮೆರಿಕ, ಬ್ರಿಟನ್‌ಗಳ ವಲಯಗಳಲ್ಲಿ ಕಳಚಬೇಕಾದ 682 ಕಾರ್ಖಾನೆಗಳ ಪಟ್ಟಿ! ಕೆಲಸ ಹೋಗುವ ಕಾರ್ಮಿಕ ಈ ತರ್ಕವನ್ನು ಹೇಗೆ ಒಪ್ಪಿಯಾನು? 1949ರ ಏಪ್ರಿಲ್‌ನಲ್ಲಿ 159 ಕಾರ್ಖಾನೆಗಳನ್ನು ಕೈಬಿಡಲಾಯಿತು. ನವೆಂಬರ್ 22ರಂದು ಬಾನ್ ಬಳಿಯ ಪೀಟರ್ಸ್‌ಬರ್ಗ್ ಬೆಟ್ಟದ ಮೇಲೆ ಹೊಸ ಪಶ್ಚಿಮ ಜರ್ಮನಿಯ ಚಾನ್ಸಲರ್ ಅಡೆನೌವರ್ ಮೂರು ಹೈಕಮಿಷನರ್‌ಗಳೊಂದಿಗೆ ಸಹಿ ಹಾಕಿ ಹಾಂಬೋರ್ನ್‌ನ ಥಿಸ್ಸನ್ ಉಕ್ಕಿನ ಕಾರ್ಖಾನೆಯೂ ಸೇರಿ ಇನ್ನಷ್ಟನ್ನು ಉಳಿಸಿಕೊಂಡರು. ಪ್ರತಿಯಾಗಿ ರೂರ್ ಮೇಲಿನ ಅಂತರರಾಷ್ಟ್ರೀಯ ಹಿಡಿತವನ್ನು ಒಪ್ಪಿಕೊಂಡರು. ಸಂಸತ್ತಿನಲ್ಲಿ ನಡುರಾತ್ರಿ ಮೀರಿ ನಡೆದ ಚರ್ಚೆಯಲ್ಲಿ ವಿರೋಧಪಕ್ಷದ ನಾಯಕ ಶೂಮಾಕರ್ ಅವರನ್ನು ‘ಮಿತ್ರರಾಷ್ಟ್ರಗಳ ಚಾನ್ಸಲರ್’ ಎಂದು ಜರೆದು ಸದನದಿಂದ ಅಮಾನತುಗೊಂಡರು.

ಸಾಲ್ಝ್‌ಗಿಟ್ಟರ್‌ನ ಉಕ್ಕಿನ ಕಾರ್ಖಾನೆ ಆ ಒಪ್ಪಂದದಲ್ಲೂ ಉಳಿಯಲಿಲ್ಲ. 1950ರ ಮಾರ್ಚ್‌ನಲ್ಲಿ ಅಲ್ಲಿನ ಕಾರ್ಮಿಕರು ಒಡೆಯುವವರಿಗೆ ಅಡ್ಡ ನಿಂತಾಗ ಬ್ರಿಟಿಷ್ ಸೈನಿಕರು ಬರಬೇಕಾಯಿತು. ಪಶ್ಚಿಮದಲ್ಲಿ ಕಳಚುವ ಕೆಲಸ ಕೊನೆಗೂ ನಿಂತದ್ದು 1951ರಲ್ಲಿ.

ಪೂರ್ವದಲ್ಲಿ ವಸೂಲಿ 1953ರ ಕೊನೆಯವರೆಗೂ ನಡೆಯಿತು. ಒಂದೇ ದೇಶ ಮಾಡಿದ ಯುದ್ಧದ ದಂಡದಲ್ಲಿ ಬಹುಪಾಲನ್ನು ತೆತ್ತದ್ದು ಆ ಚಿಕ್ಕ, ಬಡ ಭಾಗ.